ರೇಣವ್ವ ಸುಟ್ಟ ಹೊಸ್ತಿಲು

ವಿಜಾಪುರದ ಗಾಂಧಿ ಚೌಕದಲ್ಲಿ ಉಳ್ಳಾಗಡ್ಡಿ ಮಾರುತ್ತಿದ್ದ ರೇಣವ್ವನ ಎದುರು ಬಾಯಿ ಮಾಡಿ ಗೆದ್ದು ಹೋದ ಗಿರಾಕಿ ಇನ್ನೂ ಹುಟ್ಟಿರಲಿಲ್ಲ. ತೂಗಿದ ಮೇಲೆ ಒಂದು ಗಡ್ಡೆ ಹೆಚ್ಚಿಗೆ ಹಾಕುವವಳೂ ಅವಳೇ, ಹಾಕಿದ ಮೇಲೂ ಕೊಸರಾಡಿದರೆ ಅದನ್ನು ಚೀಲದೊಳಗಿನಿಂದ ವಾಪಸು ತೆಗೆದುಕೊಳ್ಳುವವಳೂ ಅವಳೇ. ಐತವಾರ ಬೆಳಿಗ್ಗೆ ಮಾತ್ರ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋಗುತ್ತಿದ್ದಳು. ಅಲ್ಲಿ ಅವಳು ಹಾಡಲು ಬಾಯಿ ತೆರೆದರೆ ಹಾರ್ಮೋನಿಯಂ ಇದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಗಂಡ ಮರೆಪ್ಪ ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ಇಂಥ ಹೆಂಗಸಿನ ಕಥೆ ಬರೆಯುವುದೇನಿದೆ ಎಂದು ಕೇಳುವವರಿದ್ದಾರೆ. ಕೇಳಲಿ. ಮೆರವಣಿಗೆ ಮಾಡಿಸಿಕೊಂಡವರ ಕಥೆ ಬರೆಯಲು ಬೇಕಾದಷ್ಟು ಜನರಿದ್ದಾರೆ, ಹೊಲಸು ಮೆತ್ತಿದ ಕಾಲಿನವರ ಕಥೆಯನ್ನೂ ಒಬ್ಬರು ಬರೆಯಬೇಕಲ್ಲ.

ಅವಳ ಉಳ್ಳಾಗಡ್ಡಿ ರಾಶಿಯ ಪಕ್ಕದಲ್ಲೇ ಸಂತೆಯ ದಿನ ಬಬಲೇಶ್ವರದ ದುಂಡವ್ವ ಕಂಬಳಿ ಹಾಸಿಕೊಂಡು ಕೂಡುತ್ತಿದ್ದಳು. ದುಂಡವ್ವನ ಗಂಡ ಗುರಣ್ಣ ಕುರಿ ಹೊಡೆದುಕೊಂಡು ವರ್ಷದ ಅರ್ಧ ಭಾಗ ಹೊಳೆಸಾಲಿನಲ್ಲೇ ಇರುವವನು. ಮನೆ, ಮಗ್ಗದವರ ಹತ್ತಿರ ಓಡಾಟ, ಸಂತೆ ಎಲ್ಲವೂ ಅವಳದೇ. ಇಬ್ಬರೂ ಬಿಸಿಲಲ್ಲಿ ಒಂದೇ ಗೋಣಿತಟ್ಟಿನ ನೆರಳು ಹಂಚಿಕೊಂಡವರು. ರೊಟ್ಟಿ ಮಾತ್ರ ಹಂಚಿಕೊಂಡವರಲ್ಲ. ರೇಣವ್ವನ ಕೇರಿಯವರ ರೊಟ್ಟಿ ಮುಟ್ಟಲು ಊರು ಬಿಟ್ಟಿರಲಿಲ್ಲ.

ಎಪ್ಪತ್ತೆರಡರ ಬರ ದಾಟಿ ಎರಡು ವರ್ಷ ಆಗಿರಬೇಕು. ಹಸ್ತ ಮಳೆ ಸುರಿದದ್ದೇ ಸುರಿದದ್ದು. ಮುಂದಿನ ಸಂತೆಯಲ್ಲಿ ದುಂಡವ್ವ ಬಂದು ಕುಳಿತಳು, ಕಂಬಳಿ ಬಿಚ್ಚಲಿಲ್ಲ.

"ಯಾಕ ಬೇ, ಮಾರಿ ಹಿಂಗ್ಯಾಕ ಮಾಡಿ? ಕಂಬಳಿ ನುಸಿ ತಿಂದಾವೇನು?" ಎಂದಳು ರೇಣವ್ವ.

"ಕಂಬಳಿ ನೆಟ್ಟಗದಾವ ಯಕ್ಕಾ. ಮನಿ ಬಿತ್ತು. ಗ್ವಾಡಿ ಕುಂತು ಮ್ಯಾಳಗಿ ನೆಲಾ ಕಂಡೈತಿ."

"ಯಾರಿಗೂ ಏನೂ ಆಗಿಲ್ಲಲ್ಲ?"

"ನಾ ಹೊರಗಿದ್ನಿ. ನನ್ನ ಮ್ಯಾಲರ ಬಿದ್ದಿದ್ರ ಚೊಲೋ ಆಗ್ತಿತ್ತು." ದುಂಡವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮ ಸಕ್ರವ್ವ ಬಸರದಾಳ. ಚೊಚ್ಚಲ. ಎಳ್ಳ ಅಮಾಸಿ ಒಳಗ ಕರಕೊಂಡ ಬರಬೇಕು. ತಿಕೋಟಾದ ಬೀಗತಿ ಹೇಳಿ ಕಳಿಸ್ಯಾಳ. ತವರ ಅಂದ್ರ ಮನಿ ಇರಬೇಕಂತ. ಬೇವಿನ ಗಿಡದ ಬುಡಕ್ಕ ನನ್ನ ಸೊಸೀನ ಕಳಸೂದಿಲ್ಲ, ಇಲ್ಲೇ ಹಡಿಲಿ ಅಂದಾಳ."

ಚೊಚ್ಚಲ ಬಾಣಂತನ ತವರಿನದು. ತಾಯಿ ಬದುಕಿದ್ದೂ ಮಗಳು ಅತ್ತೆಮನೆಯಲ್ಲಿ ಹಡೆದಳೆಂದರೆ ಆ ಮಾತು ತಾಯಿ ಸಾಯುವವರೆಗೂ ಅವಳ ಬೆನ್ನು ಬಿಡುವುದಿಲ್ಲ. ರೇಣವ್ವ ಆ ದಿನ ಮತ್ತೆ ಯಾರ ಮೇಲೂ ಬಾಯಿ ಮಾಡಲಿಲ್ಲ. ಗಿರಾಕಿಗಳಿಗೇ ಗಾಬರಿಯಾಯಿತು.

ಚರ್ಚಿನವರು ಪ್ರತಿ ಚಳಿಗಾಲ ಒಂದು ಹಳ್ಳಿಗೆ ಹೋಗಿ ಮೈಮುರಿದು ಏನಾದರೂ ಕೆಲಸ ಮಾಡಿಕೊಟ್ಟು ಬರುವ ಪದ್ಧತಿ ಇಟ್ಟುಕೊಂಡಿದ್ದರು. ಆ ವರ್ಷ ಒಂದು ಹಳ್ಳಿಯ ಶಾಲೆಗೆ ಸುಣ್ಣ ಬಳಿಯುವುದೆಂದು ಚರ್ಚಿನ ಹಿರಿಯರಾದ ದೇವಪುತ್ರ ಮಾಸ್ತರರು ಓದಿ ಹೇಳಿದರು. ಆರಾಧನೆ ಮುಗಿದದ್ದೇ ತಡ, ಹೆಂಗಸರ ಸಾಲಿನಿಂದ ರೇಣವ್ವ ಎದ್ದು ನಿಂತಳು.

"ಮಾಸ್ತರ್ರಿ, ಸುಣ್ಣ ಬರೂ ವರ್ಷ ಬಳದ್ರ ಸಾಲಿ ಏನ್ ಓಡಿ ಹೋಗೂದಿಲ್ಲ. ಹುಡುಗಿ ಹಡಿಯೂದು ಮಾತ್ರ ಮುಂದ ಹಾಕಾಕ ಬರೂದಿಲ್ರಿ."

ಏನು ಎತ್ತ ಎಂದು ಯಾರಿಗೂ ತಿಳಿಯಲಿಲ್ಲ. ತಿಳಿಸಿ ಹೇಳಿದ ಮೇಲೆ ಮಾಸ್ತರರು ಕನ್ನಡಕ ಒರೆಸಿಕೊಂಡು, "ಅವರು ನಮ್ಮವರಲ್ಲಲ್ಲವ್ವಾ" ಎಂದರು. "ಮಳಿ ಕೇಳಿ ಬಿದ್ದಿತ್ತೇನ್ರಿ?" ಎಂದಳು ಇವಳು. ಸುಣ್ಣದ ಮಾತು ಅಲ್ಲಿಗೆ ನಿಂತಿತು.

ಹೀಗೆ ಒಬ್ಬ ದರ್ಜಿ, ಒಬ್ಬ ಪ್ಯೂನು, ಛಾಪಖಾನೆಯ ಇಬ್ಬರು, ಗೋಡೆ ಕಟ್ಟುವ ನಾಲ್ಕಾರು ಗೌಂಡಿಗಳು, ಮಾಸ್ತರರು, ಅಡುಗೆಗೆಂದು ರೇಣವ್ವ, ಎಲ್ಲರೂ ಲಾರಿ ಹತ್ತಿ ಬಬಲೇಶ್ವರಕ್ಕೆ ಬಂದಿಳಿದರು. ಅಡುಗೆಗೆಂದು ಬಂದವಳು ಮೊದಲ ದಿನವೇ ಸೀರೆ ಕಚ್ಚೆ ಹಾಕಿ ಕೆಸರಿಗಿಳಿದಳು. ಹೊಟ್ಟು ಕಲಸಿದ ಮಣ್ಣನ್ನು ತುಳಿದು ತುಳಿದು ಹದ ಮಾಡಬೇಕು, ಮುದ್ದೆ ಕಟ್ಟಿ ಕೈಯಿಂದ ಕೈಗೆ ಎಸೆಯಬೇಕು. ಒಂದು ವರಸೆ ಏರಿಸಿದರೆ ಅದು ಆರುವವರೆಗೆ ಕಾಯಬೇಕು. ಛಾಪಖಾನೆಯವರು ತುಳಿಯುವುದನ್ನು ನೋಡಿ, "ಏನ್ರೋ, ಸತ್ತವರ ಮನ್ಯಾಗ ನಡದಂಗ ನಡಿಯಾಕತ್ತೀರಿ? ತುಳೀರಿ!" ಎಂದು ಕೂಗಿದರೆ ಓಣಿಯ ನಾಯಿಗಳೂ ಎದ್ದು ನಿಲ್ಲುತ್ತಿದ್ದವು.

ದುಂಡವ್ವನ ಮೈದುನ ಅಮೋಘಿ ಕಟ್ಟೆಯ ಮೇಲೆ ಕುಳಿತು ಎಲ್ಲ ನೋಡುತ್ತಿದ್ದ. ಅವನಿಗೆ ಇದ್ಯಾವುದೂ ಸೇರಿರಲಿಲ್ಲ.

"ಕಟ್ಟಿ ಮುಗದ ಮ್ಯಾಲ ಗ್ವಾಡಿಗೆ ಶಿಲುಬಿ ಹಚ್ಚತೀರೇನ್ರಿ?" ಎಂದ.

"ಹಚ್ಚೂದಾದ್ರ ನಿನ್ನ ಬೆನ್ನಿಗೆ ಹಚ್ಚತೇನಿ. ಮೊದಲ ಇಳದ ಬಾ, ನಿಮ್ಮಣ್ಣನ ಮನಿ ಮಣ್ಣ ತುಳಿ" ಎಂದಳು ರೇಣವ್ವ.

ಅವನು ಇಳಿದು ಬರಲಿಲ್ಲ. ಬಂದವರಿಗೆ ಬಾವಿ ಮುಟ್ಟಲು ಊರು ಬಿಡಲಿಲ್ಲ. ಮಣ್ಣಿನ ಮನೆಗೆ ನೀರು ಎಷ್ಟು ಬೇಕೆಂದು ಕಟ್ಟಿದವರಿಗೇ ಗೊತ್ತು. ಅಷ್ಟನ್ನೂ ದುಂಡವ್ವ ಒಬ್ಬಳೇ ಸೇದಿದಳು, ಹೊತ್ತು ತಂದು ಹೊಂಡಕ್ಕೆ ಸುರಿದಳು. ಕೆಸರಿಗೆ ಬಿದ್ದ ನೀರಿಗೆ ಯಾರ ಕಾಲು ತುಳಿದರೇನು, ಯಾರ ಕೈ ಸೇದಿದರೇನು? ಕೆಸರಿಗೆ ಗೊತ್ತಾಗದ ಭೇದ ಮನುಷ್ಯನಿಗೆ ಗೊತ್ತಾಗುತ್ತದೆ, ಅದಕ್ಕೇ ಅವನನ್ನು ಬುದ್ಧಿವಂತ ಎನ್ನುತ್ತಾರೆ!

ಗೋಡೆ ಎದ್ದವು. ತೊಲೆ ಕೂತವು, ಜಂತಿ ಬಿದ್ದವು, ಮೇಲೆ ತೊಗರಿಕಟ್ಟಿಗೆ ಹರವಿ ಮಳೆ ಸೋರದಂತೆ ಕರಲು ಮಣ್ಣು ಬಡಿದರು. ಬಾಗಿಲಿಗೆ ನಿಲುವು ಎರಡು, ಮೇಲೊಂದು ಅಡ್ಡಪಟ್ಟಿ ನಿಂತವು. ಕೆಳಗೆ ಮಾತ್ರ ಖಾಲಿ. ಹಳೆ ಮನೆಯ ಹೊಸ್ತಿಲನ್ನೇ ಅಲ್ಲಿ ಕೂಡಿಸುವುದೆಂದು ದುಂಡವ್ವ ಮೊದಲೇ ಗೌಂಡಿಗೆ ಹೇಳಿದ್ದಳು. ಬಿದ್ದ ಮನೆಯಿಂದ ಹೊಸ ಮನೆಗೆ ಬೇರೇನು ಬರದಿದ್ದರೂ ಹೊಸ್ತಿಲು ಬರಬೇಕು, ಅದು ಅವರ ಮನೆತನದ ರೂಢಿ.

ಹೊಸ್ತಿಲು ಕೂಡಿಸಬೇಕಾಗಿದ್ದ ದಿನ ಬೆಳಿಗ್ಗೆ ಮಂಜು ಬಿದ್ದು ಸೌದೆಯೆಲ್ಲ ಹಸಿ. ಒಲೆ ಬರೀ ಹೊಗೆ. ಹಸಿದವರು ಗುಣುಗುಟ್ಟುತ್ತಿದ್ದರು. ರೇಣವ್ವ ಹಾಳುಮಣ್ಣಿನ ಗುಡ್ಡೆಯ ಮಗ್ಗುಲಿಗೆ ಒರಗಿಸಿಟ್ಟಿದ್ದ, ಮೈಯೆಲ್ಲ ಮಣ್ಣು ಮೆತ್ತಿದ ಒಂದು ಹಲಗೆ ಎಳೆದಳು, ಕೊಡಲಿ ಹಾಕಿದಳು, ಒಲೆಗೆ ತುರುಕಿದಳು. ಚೊಲೋ ಉರಿ ಬಂತು. ಎಲ್ಲರೂ ನುಚ್ಚು ಉಂಡು ಕೆಲಸಕ್ಕೆ ಹೋದರು. ಬೂದಿ ತೆಗೆಯುವಾಗ ಕೈಗೆ ಬಿಸಿ ಕಬ್ಬಿಣ ತಾಗಿತು. ಕೆದರಿ ನೋಡಿದರೆ ಕುದುರೆಯ ನಾಲು. ಟಾಂಗಾದವನ ಹೆಂಡತಿಗೆ ನಾಲು ಯಾವುದೆಂದು ಹೇಳಿಕೊಡಬೇಕೇ? ನಾಲನ್ನು ಒಂದೋ ಕುದುರೆಯ ಗೊರಸಿಗೆ ಬಡಿಯುತ್ತಾರೆ, ಇಲ್ಲವೇ ದೃಷ್ಟಿ ತಾಗದಿರಲೆಂದು ಮನೆಯ ಹೊಸ್ತಿಲಿಗೆ ಬಡಿಯುತ್ತಾರೆ. ಸೌದೆಗೆ ಯಾರೂ ಬಡಿಯುವುದಿಲ್ಲ. ರೇಣವ್ವ ನಾಲಿನ ಬೂದಿಯನ್ನು ಸೆರಗಿನಿಂದ ಒರೆಸಿದಳು.

ಮಾಸ್ತರರು ಬಂದು ನೋಡಿದರು. ಒಳ್ಳೆಯ ಮನುಷ್ಯ, ಆದರೆ ಅಂಜುಬುರುಕ. "ಗೆದ್ದಲ ತಿಂದಿತ್ತು, ಪುಡಿ ಆತು ಅಂತ ಹೇಳೂಣು ರೇಣವ್ವಾ. ಊರ ಮಂದಿ ಕೆಟ್ಟದೈತಿ" ಎಂದು ಪಿಸುಗುಟ್ಟಿದರು.

"ನಾ ಸುಟ್ಟದ್ದನ್ನ ಗೆದ್ದಲ ಮ್ಯಾಲ್ಯಾಕ ಹಾಕ್ತೀರಿ? ಅದೇನ ಪಾಪ ಮಾಡೇತಿ?"

ಅಷ್ಟರಲ್ಲಿ ದುಂಡವ್ವ ಅರಿಷಿಣದ ಬಟ್ಟಲು ಹಿಡಿದು ಹೊಸ್ತಿಲು ಹುಡುಕುತ್ತ ಬಂದೇಬಿಟ್ಟಳು. ರೇಣವ್ವ ಅವಳ ಅಂಗೈಯಲ್ಲಿ ನಾಲು ಇಟ್ಟಳು.

"ನಾ ಸುಟ್ಟೆ ತಂಗಿ. ಸೌದಿ ಅಂತ ತಿಳದು ಒಲಿಗೆ ಹಾಕೀನಿ. ಬೈ, ಬಡಿ, ಏನರ ಮಾಡು."

ದುಂಡವ್ವ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ನಮ್ಮತ್ತಿ ಹಚ್ಚಿದ ಅರಿಷಿಣ ಇತ್ತು ಯಕ್ಕಾ ಅದರ ಮ್ಯಾಲ" ಎಂದಳು. ಬಟ್ಟಲು ಕೆಳಗಿಟ್ಟು, "ಹೊಸ್ತಿಲಿಲ್ಲದ ಮನಿಗೆ ಬಸರಿ ಮಗಳನ್ನ ಹೆಂಗ ಕರಕೊಂಡ ಬರ್ಲಿ? ಬೀಗತಿ ಬಾಗಲಾ ನೋಡಿ ಗಾಡಿ ತಿರಗಸ್ತಾಳ" ಎಂದಳು.

ಕಟ್ಟೆಯ ಮೇಲಿನ ಅಮೋಘಿ ಈಗ ಇಳಿದು ಬಂದ. "ನಾ ಹೇಳಿದ್ನಿಲ್ಲ? ಬೇಕಂತ ಸುಟ್ಟಾರ! ನಮ್ಮ ದೇವರ ಮ್ಯಾಲ ಕಣ್ಣ ಇವರ್ದು!" ಎಂದು ಓಣಿಗೆಲ್ಲ ಕೇಳುವಂತೆ ಒದರಿದ. ಜನ ಕೂಡಿದರು.

ಊರ ಬಡಿಗನನ್ನು ಕೇಳಿದರೆ ಅವನ ಹತ್ತಿರ ಇದ್ದದ್ದು ಹಸಿ ಜಾಲಿ ಮಾತ್ರ. "ಈಗ ಕೂಡಿಸಿದ್ರ ಬ್ಯಾಸಗ್ಯಾಗ ಸೀಳತೈತಿ. ಸೀಳಿದ ಹೊಸ್ತಿಲಾ ಇಟಗೋತೀರೇನು?" ಎಂದ. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಲಾರಿಯೂ ಮರುದಿನ ಬರುವುದಿತ್ತು.

ಮಾಸ್ತರರು ರೇಣವ್ವನನ್ನು ಬದಿಗೆ ಕರೆದರು. "ಮನಿ ಕಟ್ಟಿ ಕೊಟ್ಟೇವಿ. ಅವರು ಪೂಜಿ ಮಾಡೂ ಹಲಗಿ ಹೊಂದಿಸಿ ಕೊಡೂದು ನಮ್ಮ ಕೆಲಸಲ್ಲವ್ವಾ. ನಮ್ಮ ವಿಶ್ವಾಸಕ್ಕೂ ಅದು ಸರಿಯಲ್ಲ."

"ಸುಡೂದು ನಮ್ಮ ಕೆಲಸಾಗಿತ್ತೇನ್ರಿ?" ಎಂದಳು ರೇಣವ್ವ. ಕೈತೊಳೆದುಕೊಂಡು ವಿಜಾಪುರದ ಬಸ್ಸು ಹತ್ತಿದಳು.

ಮರೆಪ್ಪ ಸಂಜೆ ಟಾಂಗಾ ಬಿಟ್ಟು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಹಾರೆಯಿಂದ ಹೊಸ್ತಿಲು ಮೀಟುತ್ತಿದ್ದಳು. ಅವನಪ್ಪ ಇಟ್ಟ ದಪ್ಪ ತೇಗದ ಹೊಸ್ತಿಲು ಅದು. ಮರೆಪ್ಪ ಚಾಬೂಕು ಹಿಡಿದುಕೊಂಡೇ ನಿಂತುಬಿಟ್ಟ.

"ಕಳ್ಳರು ಬಂದ್ರ ತಾಟ ತಂಬಿಗಿ ಒಯ್ತಾರ. ಇಕಿ ಹೊಸ್ತಿಲಾನ ಒಯ್ಯಾಕತ್ತಾಳಲ್ಲೋ ಯಪ್ಪಾ!"

"ಬಾಯಿ ಆಮ್ಯಾಲ ಮಾಡು. ಈ ಕಡಿಂದ ಎತ್ತು."

"ಯಾರಿಗದು?"

ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಮರೆಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ನಮ್ಮಪ್ಪ ಇದ್ದಿದ್ರ ನಿನ್ನ ಕಾಲ ಮುರೀತಿದ್ದ" ಎಂದ. ಆಮೇಲೆ ಬಗ್ಗಿ ತನ್ನ ಕಡೆಯಿಂದ ಎತ್ತಿದ. ಬೆಳಿಗ್ಗೆ ಅದನ್ನು ಟಾಂಗಾದಲ್ಲಿ ಹಾಕಿಕೊಂಡು ಹೋಗಿ ಬಸ್ಸಿನ ಮೇಲೆ ಕಟ್ಟಿದವನೂ ಅವನೇ. ಕಂಡಕ್ಟರ್ ಇದೇನೆಂದು ಕೇಳಿದ್ದಕ್ಕೆ, "ನಮ್ಮ ಮನಿ ಐತಿ, ಜ್ವಾಕಿ" ಎಂದನಂತೆ.

ಬಬಲೇಶ್ವರದಲ್ಲಿ ಇಳಿಸಿದ ಹೊಸ್ತಿಲನ್ನು ನೋಡಿ ದುಂಡವ್ವನ ಕಣ್ಣು ಮೊದಲು ಅರಳಿದವು. ಆಮೇಲೆ, ಎಲ್ಲಿಯದೆಂದು ಕೇಳಿದ ಮೇಲೆ, ಕೈ ಹಿಂದಕ್ಕೆ ತೆಗೆದುಕೊಂಡಳು.

"ಒಲ್ಲೆ ಯಕ್ಕಾ. ಒಯ್ಯಿ."

"ಹೆಂಗ ಒಪ್ಪತಾಳ?" ಎಂದ ಅಮೋಘಿ. "ಎಂಥವರ ಮನಿ ಹೊಸ್ತಿಲದು? ಅದನ್ನ ದಾಟಿ ನಾವು ಒಳಗ ಹೋಗಬೇಕೇನು?"

ದುಂಡವ್ವ ಮೈದುನನ ಕಡೆ ತಿರುಗಿದಳು. ಬಾವಿ ಸೇದಿ ಅವಳ ಅಂಗೈ ಕಿತ್ತುಹೋಗಿದ್ದವು, ಅವನ್ನೇ ಅವನ ಮುಖದ ಮುಂದೆ ಹಿಡಿದಳು. "ಗ್ವಾಡಿ ಎಂಥವರು ಕಟ್ಟಿದ್ರೋ? ಅವಾಗ ನೀ ಕಟ್ಟಿ ಮ್ಯಾಲ ಕುಂತು ಬೀಡಿ ಸೇದಾಕತ್ತಿದ್ದಿ. ಎಂಥವರಂತ ನಾ ಒಲ್ಲೆ ಅನ್ನಾಕತ್ತಿಲ್ಲ." ರೇಣವ್ವನ ಕಡೆ ನೋಡಿ ದನಿ ಇಳಿಸಿದಳು. "ನಡಿಯೂ ಸಂಸಾರದ ಹೊಸ್ತಿಲಾ ಕಿತ್ತು ನನ್ನ ಬಾಗಲಕ್ಕ ಹಾಕ್ಲೇನ? ನಿನ್ನ ಗಂಡ ಸಂಜಿಗೆ ಏನ ದಾಟಿ ಒಳಗ ಬರಬೇಕು? ನನ್ನ ಮಗಳ ಬಾಣಂತನಕ್ಕ ನಿನ್ನ ಮನಿ ಬಯಲಾಗೂದ ಬ್ಯಾಡ."

ರೇಣವ್ವ ಹೊಸ್ತಿಲ ಮೇಲೆ ಕುಳಿತಳು. ಕುಳಿತವಳು ಅದರ ಅಂಚು ತಡವಿದಳು, ಗೇಣಿನಿಂದ ಅಳೆದಳು. ಎದ್ದಳು.

"ಹಂಗಾರ ಪಾಲ ಮಾಡೂಣು. ಇಷ್ಟ ಅಗಲೈತಿ, ಉದ್ದಕ ಕೊಯ್ದ್ರ ಎರಡ ಹೊಸ್ತಿಲಾ ಆಗತಾವ. ಅಕ್ಕ ತಂಗಿ ಹೊಲಾ ಹಂಚಕೋತಾರ, ನಾವು ಹೊಸ್ತಿಲಾ ಹಂಚಕೊಳ್ಳೂಣು. ಇದಕ್ಕರ ಹೂಂ ಅಂತೀಯೋ ಇಲ್ಲೋ?"

ದುಂಡವ್ವ ಕಿತ್ತುಹೋದ ಅಂಗೈಯಿಂದ ಹೊಸ್ತಿಲು ಸವರಿ, "ಹೂಂ" ಎಂದಳು.

ಬಡಿಗನ ಮನೆಯಿಂದ ದೊಡ್ಡ ಗರಗಸ ಬಂತು. ಅದು ಇಬ್ಬರು ಎಳೆಯುವಂಥದ್ದು. ಬಡಿಗ ಗೆರೆ ಹಾಕಿಕೊಟ್ಟು, ತನಗೆ ಬೆನ್ನು ನೋವು ಎಂದು ಕುಳಿತ. ಗೌಂಡಿಗಳೆಲ್ಲ ಮಾಳಿಗೆಯ ಮೇಲಿದ್ದರು. ರೇಣವ್ವ ಒಂದು ಹಿಡಿ ಹಿಡಿದಳು. ಎದುರಿಗೆ ಯಾರೂ ಬರಲಿಲ್ಲ. ಆಗ ದೇವಪುತ್ರ ಮಾಸ್ತರರು ಅಂಗಿಯ ತೋಳು ಮಡಚಿಕೊಂಡು ಬಂದು, "ಆಕಡೆ ಸರಿ ನೀನು, ಹೆಣ್ಣುಮಕ್ಕಳ ಕೆಲಸಲ್ಲ ಇದು" ಎಂದು ಅವಳ ಕೈಯಿಂದ ಹಿಡಿ ತೆಗೆದುಕೊಂಡರು. ಅವರು ಒಂದು ಸಲ ಎಳೆದದ್ದೇ ತಡ, ಗರಗಸ ಡೊಂಕಾಯಿತು.

"ಏ ಮಾಸ್ತರ್ರಿ, ಹಲಗಿ ಹಾಳ ಮಾಡ್ತೀರಿ!" ಎನ್ನುತ್ತ ಅಮೋಘಿ ಆ ಕಡೆಯ ಹಿಡಿ ಹಿಡಿದ. "ನಾ ಎಳದಾಗ ನೀವು ಬಿಡಬೇಕು. ಜಗ್ಗಾಡಬ್ಯಾಡ್ರಿ."

"ನೀವು ಬಿಟ್ರ ಅಲ್ಲೇನು ನಾ ಎಳಿಯೂದು!"

ಹೀಗೆ ಒಬ್ಬರನ್ನೊಬ್ಬರು ಬೈಯುತ್ತ ಇಬ್ಬರೂ ಬೆವರು ಸುರಿಸಿ ಆ ತೇಗವನ್ನು ತುದಿಯವರೆಗೆ ಕೊಯ್ದರು. ಅಮೋಘಿಗೆ ಮಾಸ್ತರರ ಧರ್ಮ ಹಿಡಿಸಲಿಲ್ಲ, ಮಾಸ್ತರರಿಗೆ ಅರಿಷಿಣ ಕುಂಕುಮ ಹಿಡಿಸಲಿಲ್ಲ. ಗೆರೆ ಮಾತ್ರ ನೆಟ್ಟಗೆ ಬಂತು.

ಸಂಜೆ ಲಾರಿಯಲ್ಲಿ ಒಂದು ಪಾಲು ವಿಜಾಪುರಕ್ಕೆ ಹೋಯಿತು. ಇನ್ನೊಂದು ಪಾಲನ್ನು ಗೌಂಡಿಗಳು ನಿಲುವುಗಳ ಕೆಳಗೆ ಕೂಡಿಸಿ, ಸಂದಿಗೆ ಮಣ್ಣು ತುಂಬಿ ಹೊರಟಿದ್ದರು. ದುಂಡವ್ವ ಮರುದಿನ ಬೆಳಿಗ್ಗೆ ಅದಕ್ಕೆ ಅರಿಷಿಣ ಹಚ್ಚಿದಳು.

ಎಳ್ಳ ಅಮಾವಾಸ್ಯೆಗೆ ಮುಂಚೆ ತಿಕೋಟಾದ ಚಕ್ಕಡಿ ಬಂತು. ಸಕ್ರವ್ವನ ಜೊತೆ ಬೀಗತಿಯೂ ಬಂದಿದ್ದಳು, ನೋಡಲೆಂದೇ ಬಂದವಳು. ಗೋಡೆಗೆ ಗುದ್ದಿ ನೋಡಿದಳು, ಮಾಳಿಗೆ ನೋಡಿದಳು. ಬಾಗಿಲಿಗೆ ಬಂದು ಬಗ್ಗಿದಳು. ಹೊಸ್ತಿಲಿನ ಮೇಲ್ಮೈ ಹಳೆಯದು, ಕಾಲು ತಾಗಿ ತಾಗಿ ನುಣುಪಾದದ್ದು. ಒಳ ಅಂಚು ಮಾತ್ರ ಹೊಸದಾಗಿ ಕೊಯ್ದ ಹಸಿ ಬಣ್ಣ.

"ಹೊಸಾದೂ ಅಲ್ಲ, ಹಳೇದೂ ಅಲ್ಲ. ಎಲ್ಲೀದ ಇದು?"

ಅಮೋಘಿ ಕೆಮ್ಮಿದ. ದುಂಡವ್ವ ಹೇಳಿದಳು: "ವಿಜಾಪುರದಾಗ ನಮ್ಮಕ್ಕ ಅದಾಳ್ರಿ. ಆಕೀ ಮನೀದು."

"ತವರಿಗೊಂದು ತವರು ಐತಿ ಅಂದಂಗಾತು," ಎಂದಳು ಬೀಗತಿ. ಸೊಸೆಯ ಕಡೆ ತಿರುಗಿ ಗದರಿದಳು. "ಏನ ನೋಡ್ಕೋಂತ ನಿಂತಿ? ಬಲಗಾಲ ಇಟ್ಟ ಒಳಗ ನಡಿ."

ಸಕ್ರವ್ವ ತಾಯಿಯ ಭುಜ ಹಿಡಿದುಕೊಂಡು, ಮೈಭಾರ ಎತ್ತಿ, ಹೊಸ್ತಿಲು ದಾಟಿದಳು. ಆ ಹೊತ್ತಿಗೆ ರೇಣವ್ವ ಗಾಂಧಿ ಚೌಕದಲ್ಲಿ ಒಬ್ಬ ಗಿರಾಕಿಯ ಚೀಲದೊಳಗೆ ಕೈಹಾಕಿ ಉಳ್ಳಾಗಡ್ಡಿ ವಾಪಸು ತೆಗೆದುಕೊಳ್ಳುತ್ತಿದ್ದಳು.