ಹನಿಮೂನಿಗೆ ಹೋದ ನಮ್ಮ ಜ್ವಾಲಾಮುಖಿ

ನಮ್ಮ ಯಜಮಾನರಿಗೆ ಫೋಟೋದೊಳಗೆ ಮನುಷ್ಯರು ಕಂಡರೆ ಮೈ ಉರಿಯುತ್ತಿತ್ತು. ಧಾರವಾಡದಿಂದ ಅಹಮದಾಬಾದಿಗೆ ವರ್ಗವಾಗಿ ಚಾಂದ್‌ಖೇಡಾದ ಕ್ವಾರ್ಟರ್ಸ್ ಸೇರಿದ ಮೇಲೆ, ವರ್ಷವಿಡೀ ರಜೆ ಉಳಿಸಿ ನಾವಿಬ್ಬರೂ ನೇಪಾಳ, ಶ್ರೀಲಂಕಾ, ಥಾಯ್ಲೆಂಡ್ ಅಂತ ತಿರುಗಿದೆವು. ಆಲ್ಬಮ್ಮಿನಲ್ಲಿ ಇದ್ದದ್ದು ಬರೀ ಗುಡಿ, ಗುಡ್ಡ, ಮೋಡ. ನೆರೆಯವರು ಹಾಳೆ ತಿರುವಿ, ನೀವೂ ಹೋಗಿದ್ದಿರೇನು ಅಂತ ನನ್ನನ್ನೇ ಕೇಳುತ್ತಿದ್ದರು. ಒಂದರಲ್ಲಾದರೂ ನಾನಿರಬೇಕಿತ್ತು ಎಂದು ಹೊಟ್ಟೆ ಉರಿಯುತ್ತಿತ್ತು.

ತೊಂಬತ್ತರ ದಶಕದ ನಡುವೆ ಇಂಡೋನೇಷ್ಯಾಕ್ಕೆ ಹೋಗಿ ಒಂದು ಜ್ವಾಲಾಮುಖಿ ಹತ್ತಿಬಂದೆವು. ಸ್ಟುಡಿಯೋದಿಂದ ತಂದ ಲಕೋಟೆ ಬಿಚ್ಚಿದರೆ ಜ್ವಾಲಾಮುಖಿಯ ಬದಲು ಕುದುರೆ ಏರಿದ ಮದುಮಗ, ಐಸ್‌ಕ್ರೀಂ ತಿನ್ನುವ ಹೆಂಗಸರು. ಯಜಮಾನರು ಒಂದೊಂದನ್ನೂ ನೋಡಿ, ಬೆಳಕೇನೋ ಸರಿಯಾಗಿ ಬಂದಿದೆ ಎಂದು ಒಪ್ಪಿಕೊಂಡು, ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂತರು. ನೆಗೆಟಿವ್ ಸಿಗದಿದ್ದರೆ ಇವರು ಅನ್ನ ಮುಟ್ಟುವವರಲ್ಲ. ಸ್ಟುಡಿಯೋದವ ಲಕೋಟೆ ಅದಲುಬದಲಾಗಿದೆ ಎಂದು ಒಪ್ಪಿಕೊಂಡ; ಅಹಮದಾಬಾದಿನಲ್ಲಿ ಮದುವೆಯಾಗಿ ತನ್ನೂರಿಗೆ ಮರಳಿದ್ದ ಆ ಮದುಮಗನ ವಿಳಾಸ ಪಡೆದು ವಡೋದರಾ ರೈಲು ಹತ್ತಿದೆವು.

ಆ ಮನೆಯ ಪಡಸಾಲೆಯಲ್ಲಿ ನಮ್ಮ ಜ್ವಾಲಾಮುಖಿ ಆಗಲೇ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಮದುಮಗನ ಅಪ್ಪ ನಮ್ಮನ್ನು ಯಾರೋ ದೂರದ ನೆಂಟರೆಂದು ತಿಳಿದು, ಹೊಸ ಜೋಡಿ ಹನಿಮೂನಿಗೆ ಹೋದ ಜಾಗ ಇದೇ ಎಂದು ತೋರಿಸಿದರು. ಮಗ ಅದರ ಅಂಚಿನಲ್ಲಿ ನಿಂತು ಚಹಾ ಕುಡಿದನಂತೆ. ಫೋಟೋ ನನ್ನದು ಎಂದರು ಯಜಮಾನರು. ಹಾಗಾದರೆ ಇದರಲ್ಲಿ ನೀವೆಲ್ಲಿದ್ದೀರಿ ತೋರಿಸಿ ಎಂದು ಹಿರಿಯರು ನಕ್ಕರು.

ಅಷ್ಟರಲ್ಲಿ ಮಗ ಗಡಬಡಿಸಿ ಬಂದು ನಮ್ಮನ್ನು ಒಳಕೋಣೆಗೆ ಎಳೆದೊಯ್ದ. ಅಲ್ಲಿ ಅವನ ಹೆಂಡತಿಯೂ ಇದ್ದಳು. ಫಾರಿನ್ನಿಗೆ ಹೋಗುತ್ತೇವೆ ಎಂದು ಊರಿಗೆಲ್ಲ ಡಂಗುರ ಸಾರಿ, ಟಿಕೆಟ್ ಆಗದೆ, ಇಬ್ಬರೂ ಸೂರತ್ತಿನ ಉಧ್ನಾದಲ್ಲಿ ಗೆಳೆಯನ ಮನೆಯಲ್ಲಿ ಪವರ್‌ಲೂಮಿನ ಸದ್ದು ಕೇಳುತ್ತ ಅಡಗಿದ್ದರಂತೆ. ವಾಪಸು ಬರುವಾಗ ಮದುವೆಯ ಫೋಟೋ ಇಸಿದುಕೊಳ್ಳಲು ಸ್ಟುಡಿಯೋಕ್ಕೆ ಹೋದರೆ ದೇವರೇ ಕಳಿಸಿದ ಹಾಗೆ ನಮ್ಮ ಲಕೋಟೆ ಸಿಕ್ಕಿತ್ತು. ನೆಗೆಟಿವ್ ಒಯ್ಯಿರಿ, ಪ್ರಿಂಟು ಬಿಡಿ, ಅಪ್ಪನಿಗೆ ಹೇಳಬೇಡಿ ಎಂದು ಕೈಮುಗಿದ. ಯಜಮಾನರಿಗೆ ಹೋದ ಜೀವ ಬಂತು. ಅವರ ಮದುವೆಯ ಲಕೋಟೆ ಕೊಟ್ಟು ನೆಗೆಟಿವ್ ಇಸಿದುಕೊಂಡರು.

ಹುಡುಗಿಗೆ ಬೇರೆಯೇ ಚಿಂತೆ. ನಾದಿನಿಯರು ದಿನಾ ಪ್ರವಾಸದ ಕಥೆ ಕೇಳುತ್ತಾರೆ, ಏನು ಹೇಳಲಿ ಎಂದಳು. ನಾನು ಮಂಚದ ಮೇಲೆ ಕೂತು ನನಗೆ ಬಂದ ಹಿಂದಿಯಲ್ಲಿ ಪಾಠ ಮಾಡಿದೆ: ಗಂಧಕದ ನಾತ, ಗಸಿ ತುಂಬಿದ ಕಾಫಿ, ಕಾಲಿನ ಬೊಬ್ಬೆ. ಅವಳು ಎಲ್ಲ ಬಾಯಿಪಾಠ ಮಾಡಿಕೊಂಡು, ತನ್ನ ಗಂಡನ ಕಡೆ ಕೈ ತೋರಿ, ಇವರು ಫೋಟೋ ತೆಗೆಯುವಾಗ ನಾನೆಲ್ಲಿದ್ದೆ ಅಂತ ಹೇಳಲಿ ಎಂದು ಕೇಳಿದಳು.

ಅವರ ಬೆನ್ನ ಹಿಂದೆ, ಚೀಲ ಹೊತ್ತುಕೊಂಡು ಎಂದೆ. ನೆರಳು ಬಿದ್ದರೂ ಬೈಯುತ್ತಾರೆ ಎಂದೆ.

ಹುಡುಗಿಯ ಮುಖ ಕೆಂಪಾಯಿತು. ಗಂಡನನ್ನು ದುರುಗುಟ್ಟಿ ನೋಡಿದಳು. ಉಧ್ನಾ ದಾಟಿ ಹೋಗದ ಆ ಪಾಪದ ಹುಡುಗ ತಲೆ ತಗ್ಗಿಸಿ, ತಪ್ಪಾಯಿತು, ಇನ್ನು ಮೇಲೆ ಹಾಗೆ ಮಾಡುವುದಿಲ್ಲ ಎಂದ. ಇಷ್ಟು ವರ್ಷ ನಾನು ಕಾದಿದ್ದ ಮಾತು ಅದು. ಕಣ್ಣಲ್ಲಿ ನೀರು ತುಂಬಿತು. ತಿರುಗಿ ನೋಡಿದೆ.

ಯಜಮಾನರು ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದು ನಿಂತಿದ್ದರು.

"ಒಂದೂ ಗೀರು ಬಿದ್ದಿಲ್ಲ ನೋಡ," ಅಂದರು.