ಕಾಲರಿನೊಳಗಿನ ಪಟ್ಟಿ

ರುದ್ರವ್ವ ಈ ಜನ್ಮದಲ್ಲಿ ಯಾರೊಂದಿಗೂ ಕುಸ್ತಿ ಹಿಡಿದವಳಲ್ಲ. ಬೆಳಗಿನ ಲೋಕಲ್ಲಿನ ಲೇಡೀಸ್ ಡಬ್ಬಿಯೊಳಗೆ ನುಗ್ಗುವುದನ್ನೂ ಕುಸ್ತಿ ಅನ್ನುವುದಾದರೆ ಮಾತು ಬೇರೆ. ಆದರೆ ಹರಿದ ಅಂಗಿಯೊಂದನ್ನು ಅವಳ ಮುಂದೆ ಹಾಕಿ ನೋಡಿ. ಹರಿದ ಜಾಗವನ್ನು ಎರಡು ಬೆರಳಿನಿಂದ ಅಗಲಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಅದರ ಒಡೆಯ ಯಾವ ಆಟದವನು, ಅವನ ಎದುರಾಳಿ ಬಲಗೈಯವನೋ ಎಡಗೈಯವನೋ ಎಂದು ಹೇಳಿಬಿಡುತ್ತಾಳೆ. ಗೆದ್ದನೋ ಸೋತನೋ ಎಂಬುದನ್ನೂ ಹೇಳುತ್ತಾಳೆ, ಅದು ಮಾತ್ರ ಆಗಾಗ ತಪ್ಪುತ್ತದೆ.

ಅವಳ ಕೆಲಸ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಾಳಿಗೆಯಲ್ಲಿ, ಶಾಲೆಯ ಬ್ಯಾಗು ಹೊಲಿಯುವುದು. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದು ಇಪ್ಪತ್ತಮೂರು ವರ್ಷವಾಯಿತು. ಗಂಡ ಧರ್ಮಣ್ಣ ಬೈಕುಲ್ಲಾದ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ವ್ಯಾಪಾರಿ. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಜಯಸಿಂಹ ಎನ್ನುವವರು ಪ್ಲಾಸ್ಟಿಕ್ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮೈಸೂರು ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ವಿಲೆ ಪಾರ್ಲೆಯ ಒಂದು ಕಾಲೇಜಿನ ಹಾಲಿನಲ್ಲಿ ಮಕ್ಕಳಿಗೆ ಜೂಡೊ ಕಲಿಸುವವರು.

"ಅಮ್ಮಾ, ಮೂರು ಟೈಲರ್ ಅಂಗಡಿಯಲ್ಲಿ ಮೂರು ಸೂಜಿ ಮುರೀತು. ಇನ್ನು ನಿಮ್ಮ ಬ್ಯಾಗಿನ ಮಿಷನ್ನೇ ಗತಿ," ಎಂದು ಚೀಲದಿಂದ ಒಂದು ಬಿಳಿ ಅಂಗಿ ತೆಗೆದರು. ಕೌದಿಯಷ್ಟು ದಪ್ಪ, ಮೈತುಂಬ ಅಕ್ಕಿಕಾಳು ಸುರಿದ ಹಾಗೆ ನೇಯ್ಗೆ.

"ಇಷ್ಟ ದಪ್ಪ ಯಾಕ್ರಿ? ಮುಂಬೈದಾಗ ಚಳಿ ಎಲ್ಲೈತ್ರಿ?"

"ಚಳಿಗಲ್ಲಮ್ಮ. ಹಿಡಿದು ಎಳೆಯೋಕೆ."

"ಯಾರು ಹಿಡದು?"

"ಎದುರಿನವರು."

ರುದ್ರವ್ವ ಬೆಪ್ಪಾದಳು. ಎದುರಿನವರಿಗೆ ಹಿಡಿಯಲು ಅನುಕೂಲವಾಗಲೆಂದು ಅಂಗಿ ಹೊಲಿಸಿಕೊಳ್ಳುವ ಜನರನ್ನು ಅವಳು ಅದೇ ಮೊದಲು ನೋಡಿದ್ದು. ಅಂಗಿಯೇನೋ ಸರಿಯಾಯಿತು. ಆದರೆ ತಲೆಯೊಳಗೆ ಹೊಕ್ಕ ಹುಳ ಹೊರಗೆ ಬರಲಿಲ್ಲ.

ಅದಕ್ಕೆ ಕಾರಣವಿತ್ತು. ಅವಳ ಅಪ್ಪ ಈರಣ್ಣ ಪೈಲ್ವಾನ. ಊರ ಗರಡಿಮನೆಯ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವಂತಿರಲಿಲ್ಲವಾದ್ದರಿಂದ ಕುಸ್ತಿಯ ಬಗ್ಗೆ ಅವಳಿಗೆ ಗೊತ್ತಿದ್ದದ್ದೆಲ್ಲ ಒಗೆಯಲು ಬೀಳುತ್ತಿದ್ದ ಲಂಗೋಟಿಗಳಿಂದ, ಅವುಗಳಿಗೆ ಮೆತ್ತಿದ ಕೆಮ್ಮಣ್ಣಿನಿಂದ. ಅವಳಿಗೆ ಹತ್ತು ವರ್ಷವಿದ್ದಾಗ ಒಂದು ಸಂಜೆ ಅಪ್ಪ ಮನೆಗೆ ಬಂದ. ಅವನ ಬೆನ್ನಿನ ಮೇಲೆ ಈ ಹೆಗಲಿನಿಂದ ಆ ಹೆಗಲಿನವರೆಗೆ ಕೆಂಪು ಮಣ್ಣು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿತೆಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಅವ್ವ ತುಟಿ ಬಿಚ್ಚದೆ ನೀರು ಹೊಯ್ದು ಬೆನ್ನು ತಿಕ್ಕಿದಳು. ರುದ್ರವ್ವನಿಗೆ ಮಾತ್ರ ಬಾಯಿ ಸುಮ್ಮನಿರಲಿಲ್ಲ.

"ಅಪ್ಪಾ, ಹೆಂಗ ಬಿದ್ದಿ?"

ಕೆನ್ನೆಗೆ ಫಟ್ ಎಂದು ಬಿತ್ತು. ಅಣಕಿಸಲು ಕೇಳಿದ್ದಲ್ಲ, ಪಾಪ, ನಿಜವಾಗಿ ತಿಳಿಯಬೇಕಿತ್ತು. ಅಷ್ಟು ದೊಡ್ಡ ಮನುಷ್ಯ, ಬಾಗಿಲಿನಷ್ಟು ಅಗಲ ಇದ್ದವನು, ಹೇಗೆ ಬೀಳುತ್ತಾನೆ? ಮುಂದೆ ಆರು ತಿಂಗಳು ಅಪ್ಪ ಅಂಗಾತ ಮಲಗಲಿಲ್ಲ. ಗೋಡೆಗೆ ಮುಖ ಮಾಡಿ ಒಂದೇ ಮಗ್ಗುಲಲ್ಲಿ ಮಲಗುತ್ತಿದ್ದ. ಉತ್ತರ ಹೇಳದೆಯೇ ತೀರಿಕೊಂಡ.

ಹಾಗಾಗಿ ಜಯಸಿಂಹ ಮೇಷ್ಟ್ರ ಹಿಂದೆ ವರ್ಷಗಟ್ಟಲೆ ಒಬ್ಬೊಬ್ಬರಾಗಿ ಬಂದ ಪೈಲ್ವಾನರನ್ನೆಲ್ಲ ರುದ್ರವ್ವ ಬಿಡದೆ ವಿಚಾರಿಸಿದಳು. ಜೂಡೊದ ಅಂಗಿ ಕೊರಳ ಹಿಂದೆ ಮತ್ತು ಕಂಕುಳಲ್ಲಿ ಹೊಲಿಗೆ ಬಿಡುತ್ತದೆ, ಏಕೆಂದರೆ ನಿಂತು ಹಿಡಿದು ಎಸೆಯುವ ಆಟ ಅದು. ಸೌಮ್ಯಾ ಎಂಬ ಬೆಳಗಾವಿ ಕಡೆಯ ಹುಡುಗಿ ಮೊದಲು ಕುಸ್ತಿಯಲ್ಲಿದ್ದು ಆಮೇಲೆ ಜೂಡೊಗೆ ಬಂದವಳು. ಅವಳ ಹಳೆಯ ಕುಸ್ತಿ ಉಡುಪು ತೊಡೆಯ ಹೊಲಿಗೆಯಲ್ಲೇ ಬಿಟ್ಟಿತ್ತು.

"ಕುಸ್ತಿಯೊಳಗ ಎಲ್ಲಾರೂ ಕಾಲಿಗೆ ಬೀಳ್ತಾರ, ಮಾವಶಿ," ಎಂದಳು ಸೌಮ್ಯಾ. "ಜೂಡೊದಾಗ ಕಾಲ ಹಿಡಿಯೂ ಹಂಗಿಲ್ಲ. ಹಿಡದರ ಶಿಕ್ಷಾ. ನನ್ನ ಕೈ ಕೇಳೂದಿಲ್ಲ, ತಾನ ಹೋಗಿ ಹಿಡೀತೈತಿ."

"ಚಲೋ ಆಟ ಬಿಡವಾ. ಯಾರ ಕಾಲೂ ಹಿಡಿಯೂದ ಬ್ಯಾಡ," ಎಂದು ರುದ್ರವ್ವ ನಕ್ಕಳು.

ಇನ್ನೊಬ್ಬ ರೋಹಿತ್. ಬ್ರೆಜಿಲ್ ದೇಶದ ಜುಜುತ್ಸು ಆಡುವವನು. ಅವನ ಅಂಗಿ ಗಟ್ಟಿಮುಟ್ಟಾಗಿತ್ತು, ಪ್ಯಾಂಟು ಮಾತ್ರ ಮೊಣಕಾಲಲ್ಲೂ ಕುಂಡಿಯಲ್ಲೂ ಸವೆದು ಜಾಲರಿಯಾಗಿತ್ತು. "ನಾವು ಕೆಳಗೆ ಮಲಗೇ ಆಡೋದು ಆಂಟಿ. ಬೆನ್ನ ಮೇಲೆ ಮಲಗಿ, ಎದುರಿನವನನ್ನ ಕಾಲಲ್ಲಿ ಕಟ್ಟಿಹಾಕ್ತೀವಿ. ಹಾಗೇ ಗೆಲ್ಲಬಹುದು," ಎಂದ. ತಾನಾಗಿಯೇ ಬೆನ್ನು ನೆಲಕ್ಕೆ ಹಚ್ಚಿ ಮಲಗುತ್ತಾರೆ, ಅದರ ಮೇಲೆ ಗೆಲ್ಲುತ್ತಲೂ ಇರುತ್ತಾರೆ! ಅಪ್ಪ ಬದುಕಿದ್ದು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದ ಎಂದು ರುದ್ರವ್ವ ಎರಡು ದಿನ ಯೋಚಿಸಿದಳು. ಎರಡು ದಿನವೂ ಬ್ಯಾಗಿನ ಜಿಪ್ಪು ತಿರುಗುಮುರುಗಾಗಿ ಕೂತಿತು.

ಇಷ್ಟೆಲ್ಲ ಕೇಳಿದವಳು ಒಂದೇ ಒಂದು ಪಂದ್ಯವನ್ನೂ ಕಣ್ಣಾರೆ ನೋಡಿರಲಿಲ್ಲ. ಸ್ವಂತ ಮಗಳು ಮಾಧುರಿಯ ಪಂದ್ಯವನ್ನೂ. ಎಂಟು ವರ್ಷದವಳಿದ್ದಾಗ, ಹೊಲಿದ ಅಂಗಿ ಕೊಡಲು ತಾಯಿಯ ಜೊತೆ ಪಾರ್ಲೆಗೆ ಹೋಗಿದ್ದ ಮಾಧುರಿ, ಹಾಲಿನೊಳಗೆ ಇಣುಕಿದವಳು ಅಲ್ಲೇ ಉಳಿದಳು. ಅಂದಿನಿಂದ ಮಗಳು ಒಳಗೆ, ತಾಯಿ ಹೊರಗಿನ ಬೆಂಚಿನ ಮೇಲೆ. ಒಳಗೆ ಬಾ ಅಂದರೆ "ಇಲ್ಲೇ ಗಾಳಿ ಐತಿ" ಅನ್ನುತ್ತಿದ್ದಳು. ಗರಡಿಯ ಹೊಸ್ತಿಲು ಕಾಲಿಗೆ ಅಂಟಿಕೊಂಡೇ ಮುಂಬೈಗೆ ಬಂದಿತ್ತೆಂದು ಕಾಣುತ್ತದೆ.

ಈ ವರ್ಷ ಮಾಧುರಿಗೆ ಹದಿನೇಳು. ಹದಿನೆಂಟರೊಳಗಿನ ಹುಡುಗಿಯರ ಮುಂಬೈ ತಂಡಕ್ಕೆ ಅವಳ ತೂಕದಲ್ಲಿ ಒಂದೇ ಜಾಗ, ಉಳಿದವರು ಇಬ್ಬರೇ: ಮಾಧುರಿ ಮತ್ತು ಸೌಮ್ಯಾ. ಬರುವ ವರ್ಷ ಮಾಧುರಿಗೆ ವಯಸ್ಸು ಮೀರುತ್ತದೆ. ಆ ಜಾಗಕ್ಕಾಗಿ ಎರಡು ವರ್ಷದಿಂದ ಹುಡುಗಿ ಹಬ್ಬದ ಹೋಳಿಗೆಯನ್ನೂ ಅರ್ಧ ಮಾಡಿ ತಿಂದಿದ್ದಳು. ರುದ್ರವ್ವನಿಗೆ ಅದು ಹೊಟ್ಟೆಗೆ ಇಳಿಯದ ಸಂಗತಿ. ಜೊತೆಗೆ ಅವಳಿಗೆ ಮಾತ್ರ ಗೊತ್ತಿದ್ದ ಇನ್ನೊಂದು ಸಂಗತಿಯಿತ್ತು. ಸೌಮ್ಯಾಳ ಜೊತೆ ಅಭ್ಯಾಸ ಮಾಡಿ ಬಂದ ದಿನವೆಲ್ಲ ಮಾಧುರಿಯ ಕಾಲರ್ ಕುತ್ತಿಗೆಯ ಹಿಂದೆ ಒಂದೇ ಜಾಗದಲ್ಲಿ ಬಿಟ್ಟಿರುತ್ತಿತ್ತು. ಆ ಹುಡುಗಿಯ ಬಲಗೈ ಬಂದು ಕೂರುವುದು ಅಲ್ಲೇ.

ಪಂದ್ಯಕ್ಕೆ ಒಂದು ವಾರವಿರುವಾಗ ರುದ್ರವ್ವ ಯಾರಿಗೂ ಹೇಳದೆ ಮಗಳ ಹೊಸ ಅಂಗಿಯ ಕಾಲರ್ ಬಿಚ್ಚಿದಳು. ಒಳಗೆ ಶಾಲೆಯ ಬ್ಯಾಗಿನ ಹೆಗಲಿಗೆ ಹಾಕುವ ನೈಲಾನ್ ಪಟ್ಟಿಯನ್ನು ಉದ್ದಕ್ಕೂ ಇಟ್ಟು, ಎರಡೂ ಅಂಚಿಗೆ ಹೊಲಿಗೆ ಓಡಿಸಿದಳು. ಮುಷ್ಟಿಯಲ್ಲಿ ಹಿಡಿದು ನೋಡಿದಳು, ಬೆರಳು ಕೂಡಲಿಲ್ಲ. ಹಿಡಿಯಲಿ ಈಗ, ನೋಡೋಣ ಅಂದುಕೊಂಡಳು. ಆ ವಾರ ಮಾಧುರಿ ಹಳೆಯ ಅಂಗಿಯಲ್ಲೇ ಅಭ್ಯಾಸ ಮಾಡಿದಳು. ಹೊಸದು ಮಡಿಕೆ ಮುರಿಯದೆ ಚೀಲದಲ್ಲಿತ್ತು.

ಭಾನುವಾರ ಬೆಳಿಗ್ಗೆ ಸ್ಲೋ ಲೋಕಲ್ಲಿನಲ್ಲಿ ತಾಯಿ ಮಗಳು ಪಾರ್ಲೆಗೆ ಬಂದರು. ರುದ್ರವ್ವ ತನ್ನ ಬೆಂಚಿನ ಮೇಲೆ ಕೂತಳು. ಹತ್ತು ನಿಮಿಷವಾಗಿರಲಿಲ್ಲ, ಮಾಧುರಿ ಅಂಗಿಯನ್ನು ಕೈಯಲ್ಲಿ ಹಿಡಿದು ಹೊರಗೆ ಬಂದಳು. ಹಿಂದೆ ಜಯಸಿಂಹ ಮೇಷ್ಟ್ರು, ಅವರ ಹಿಂದೆ ಅಂಗಿ ತಪಾಸಣೆಯ ಮನೀಶ್ ಎಂಬ ತರುಣ.

"ಯೇ ನಹೀ ಚಲೇಗಾ, ಸರ್. ಕಾಲರ್ ಬಹುತ್ ಜಾಡಾ ಹೈ," ಎಂದು ಅವನು ದಪ್ಪನೆಯ ಕಾಲರನ್ನು ಮಡಚಲು ನೋಡಿದ. ಅದು ಹಲಗೆಯ ಹಾಗೆ ಸೆಟೆದುಕೊಂಡಿತು.

"ಅವ್ವಾ, ಇಸ್ ಮೆ ಏನ್ ಹಾಕಿದಿ ನೀ?" ಮಾಧುರಿಯ ಮುಖ ಸುಣ್ಣವಾಗಿತ್ತು.

ಮೇಷ್ಟ್ರು ಮೆಲ್ಲಗೆ ವಿವರಿಸಿದರು. "ಅಮ್ಮಾ, ಜೂಡೊದಲ್ಲಿ ಎದುರಿನವರಿಗೆ ಹಿಡಿಯೋಕೆ ಅಂಗಿ ಕೊಡಲೇಬೇಕು. ಕಾಲರ್ ದಪ್ಪ ಇದ್ರೆ, ತೋಳು ಬಿಗಿ ಇದ್ರೆ ಆಡೋಕೆ ಬಿಡಲ್ಲ. ಹೆಸರು ಕರೆಯೋದ್ರೊಳಗೆ ಸರಿಯಾದ ಅಂಗಿ ಇಲ್ಲ ಅಂದ್ರೆ ಸೌಮ್ಯಾ ಆಡದೇನೇ ಗೆದ್ದ ಹಾಗೆ. ಇನ್ನು ಕಾಲು ಗಂಟೆ ಇದೆ."

ಹಳೆಯ ಅಂಗಿ ಕಾಂದಿವಲಿಯಲ್ಲಿ ಬಕೆಟ್ಟಿನೊಳಗೆ ನೆನೆಯುತ್ತಿತ್ತು. ಮಾಧುರಿಯ ಉದ್ದನೆಯ ತೋಳಿಗೆ ಬೇರೆ ಯಾರ ಅಂಗಿಯೂ ಸಾಲಲಿಲ್ಲ. ಎರಡು ವರ್ಷದ ಅರ್ಧರ್ಧ ಹೋಳಿಗೆ ತನ್ನ ಒಂದು ಪಟ್ಟಿಯಿಂದ ನೀರುಪಾಲಾಗುವುದು ರುದ್ರವ್ವನ ಕಣ್ಣೆದುರು ಬಂತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ಅವಳು ಅಳುತ್ತ ಕೂರುವ ಪೈಕಿಯಲ್ಲ.

"ತಾ ಇಲ್ಲಿ," ಎಂದು ಅಂಗಿಯನ್ನು ಕಸಿದುಕೊಂಡಳು. ಪರ್ಸಿನಲ್ಲಿ ಸಣ್ಣ ಕತ್ತರಿ, ದಪ್ಪ ಸೂಜಿ, ದಾರ ಇದ್ದೇ ಇರುತ್ತವೆ. ತನ್ನ ಹೊಲಿಗೆ ಎಷ್ಟು ಗಟ್ಟಿಯೆಂದು ಅವಳಿಗೆ ಅಂದು ಗೊತ್ತಾಯಿತು. ಎರಡು ಹೊಲಿಗೆಗೊಮ್ಮೆ ಕತ್ತರಿಸಬೇಕು, ಎಳೆಯಬೇಕು, ಮತ್ತೆ ಕತ್ತರಿಸಬೇಕು. ಮನೀಶ್ ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತಿದ್ದ. ಕೊನೆಗೆ ಪಟ್ಟಿಯ ತುದಿ ಸಿಕ್ಕಿತು. ಒಂದೇ ಉಸಿರಿಗೆ ಎಳೆದು ಬೆಂಚಿನ ಕೆಳಗೆ ಎಸೆದು, ಬಾಯಿಬಿಟ್ಟ ಕಾಲರನ್ನು ಕೈಯಲ್ಲೇ ಹೊಲಿಯತೊಡಗಿದಳು. ಸೌಮ್ಯಾಳ ಬಲಗೈ ಕೂರುವ ಜಾಗ ಬಂದಾಗ ಸೂಜಿ ಒಂದು ಗಳಿಗೆ ನಿಂತಿತು. ಮಗಳನ್ನು ಹಿಡಿದು ಕೆಡವುವ ಕೈಗೆ ತಾನೇ ಹಿಡಿಕೆ ಮಾಡಿಕೊಡುತ್ತಿದ್ದೇನೆ ಅನಿಸಿತು. ಆದರೂ ಹೊಲಿದಳು, ಅಚ್ಚುಕಟ್ಟಾಗಿಯೇ ಹೊಲಿದಳು.

ಮನೀಶ್ ಕಾಲರ್ ಮಡಚಿ ನೋಡಿದ. "ಅಬ್ ಠೀಕ್ ಹೈ, ಮಾವಶಿ."

ಅಂದು ಮೊದಲ ಸಲ ರುದ್ರವ್ವ ಬೆಂಚು ಬಿಟ್ಟು ಹಾಲಿನ ಬಾಗಿಲಿಗೆ ಬಂದು ನಿಂತಳು. ಹೊಸ್ತಿಲಿನ ಈಚೆಗೇ.

ಒಳಗೆ ಇಬ್ಬರು ಹುಡುಗಿಯರು ಎದುರುಬದುರು ನಿಂತು ತಲೆ ಬಾಗಿಸಿದರು. ಸೌಮ್ಯಾಳ ಬಲಗೈ ನೇರವಾಗಿ ಆ ಜಾಗಕ್ಕೇ ಬಂದು ಕೂತಿತು. ರುದ್ರವ್ವ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಾಧುರಿ ಆ ಕೈಯನ್ನು ಕೊಡವಲಿಲ್ಲ. ಅದನ್ನೇ ಎದೆಗೆ ಎಳೆದುಕೊಂಡು, ಗಿರ್ರನೆ ತಿರುಗಿ ಸೌಮ್ಯಾಳಿಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ ಎದ್ದಳು. ಕಾಲರ್ ಹಿಡಿದವಳು ಕಾಲರ್ ಸಮೇತ ಹೆಗಲ ಮೇಲಿಂದ ಉರುಳಿ ಮಗ್ಗುಲಾಗಿ ಬಿದ್ದಳು. ಅರ್ಧ ಅಂಕ! ಅಂದರೆ ಹಿಡಿಯುವ ಕೈ ಇದ್ದದ್ದರಿಂದಲೇ ಎಸೆಯಲು ಬಂತು. ಒಂಬತ್ತು ವರ್ಷ ಹರುಕು ಹೊಲಿದರೂ ತಿಳಿಯದಿದ್ದದ್ದು ರುದ್ರವ್ವನಿಗೆ ಆ ಕ್ಷಣದಲ್ಲಿ ತಿಳಿಯಿತು. ಅವಳಿಗೆ ಕೇಕೆ ಹಾಕಬೇಕೆನಿಸಿತು.

ಆದರೆ ಕೇಕೆಗೆ ಸಮಯ ಸಿಗಲಿಲ್ಲ. ಇನ್ನೊಂದು ನಿಮಿಷವಿದೆ ಅನ್ನುವಾಗ ಸೌಮ್ಯಾ ಮಾಧುರಿಯ ತೋಳನ್ನು ಕೆಳಕ್ಕೆ ಜಗ್ಗಿ, ಹೆಜ್ಜೆಯಿಡಲು ಎತ್ತಿದ ಪಾದವನ್ನು ತನ್ನ ಪಾದದಿಂದ ಗುಡಿಸಿಬಿಟ್ಟಳು. ಮಾಧುರಿ ಗಾಳಿಯಲ್ಲಿ ಅಡ್ಡವಾಗಿ, ಧಪ್ಪೆಂದು ಅಂಗಾತ ಬಿದ್ದಳು. ಬೆನ್ನು ಪೂರ್ತಿ ನೆಲಕ್ಕೆ. ಪೂರ್ತಿ ಅಂಕ. ಮುಗಿಯಿತು. ತಂಡದ ಜಾಗ ಸೌಮ್ಯಾಳಿಗೆ.

ಹಾಲಿನಲ್ಲಿ ಚಪ್ಪಾಳೆ. ರುದ್ರವ್ವನಿಗೆ ಕಂಡದ್ದು ಅಪ್ಪನ ಬೆನ್ನು, ಅವ್ವ ಹೊಯ್ದ ನೀರು, ಗೋಡೆ ಕಡೆಗಿನ ಮುಖ. ಮಗಳು ಏಳುತ್ತಾಳೋ ಇಲ್ಲವೋ ಎಂದು ಕತ್ತು ಚಾಚಿ ನೋಡಿದಳು. ಮಾಧುರಿ ಎದ್ದಳು. ಅಂಗಿ ಸರಿಮಾಡಿಕೊಂಡಳು, ಸೌಮ್ಯಾಳಿಗೆ ತಲೆ ಬಾಗಿಸಿದಳು, ಅವಳ ಕೈ ಕುಲುಕಿದಳು. ಆಮೇಲೆ ಮ್ಯಾಟಿನ ಅಂಚಿಗೆ ಬಂದು ಕೂತು, ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತಳು.

ಅಳು ಮುಗಿಯುವವರೆಗೂ ರುದ್ರವ್ವ ಬಾಗಿಲಲ್ಲೇ ಕಾದಳು. ಹಾಲ್ ಅರ್ಧ ಖಾಲಿಯಾಯಿತು.

"ನನ್ನ ಕೈಯಾರೆ ಕಾಲರ್ ತೆಳ್ಳಗ ಮಾಡಿಕೊಟ್ಟೆ," ಎಂದಳು ಕೊನೆಗೆ.

ಮಾಧುರಿ ಮೂಗು ಒರೆಸಿಕೊಂಡು ನೋಡಿದಳು. "ಕೆಡವೂ ಮುಂದ ಅಕಿ ಕಾಲರ್ ಕಹಾಂ ಹಿಡದಾಳ ಅವ್ವಾ? ತೋಳ ಹಿಡದು ಕೆಡವಿದಳು. ಕಾಲರಿಂದ ತೋ ನಂಗ ಪಾಯಿಂಟ್ ಸಿಕ್ತು."

ರುದ್ರವ್ವನ ಬಾಯಿಗೆ ಮೂವತ್ತೇಳು ವರ್ಷದ ಹಿಂದಿನ ಮಾತು ಬಂದುಬಿಟ್ಟಿತು. ತಡೆಯುವಷ್ಟರಲ್ಲಿ ಹೊರಗೇ ಬಿದ್ದಿತ್ತು.

"ಹೆಂಗ ಬಿದ್ದಿ?"

ಅಂದವಳೇ ತನಗೆ ತಿಳಿಯದಂತೆ ಕೆನ್ನೆಯನ್ನು ಪಕ್ಕಕ್ಕೆ ತಿರುಗಿಸಿದಳು.

ಮಾಧುರಿ ಎದ್ದು ಬಂದು ಕೈ ಚಾಚಿದಳು. "ತೋರಸ್ತೀನಿ, ಬಾ."

ರುದ್ರವ್ವ ಹೊಸ್ತಿಲನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು. "ಚಪ್ಪಲಿ ಬಿಟ್ಟು ಬನ್ನಿ ಅಮ್ಮ, ಅಷ್ಟೇ ನಿಯಮ," ಎಂದರು ಅವರು. ಅವಳು ಚಪ್ಪಲಿ ಬಿಟ್ಟಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ದಾಟಿದಳು. ಮ್ಯಾಟು ಅವಳೆಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. ಮಗಳ ಕಾಲರಿಗೆ ಕೈ ಹಾಕಿದಳು, ತನ್ನದೇ ಹೊಲಿಗೆ ಬೆರಳಿಗೆ ತಾಗಿತು. ಹಿಡಿತ ಚೆನ್ನಾಗಿಯೇ ಸಿಗುತ್ತಿತ್ತು.

"ಈಗ ಒಗಿ ನನ್ನ."

"ಪೆಹಲೇ ಬೀಳೂದ ಕಲಿ. ಇಲ್ಲಿ ಫಸ್ಟ್ ದಿನ ಅದನ್ನ ಕಲಸ್ತಾರ."

ಮೊದಲ ದಿನ ಬೀಳುವುದನ್ನೇ ಕಲಿಸುತ್ತಾರೆ! ರುದ್ರವ್ವ ಕುಕ್ಕರಗಾಲಲ್ಲಿ ಕೂತಳು. ಗದ್ದ ಎದೆಗೆ ಒತ್ತಿಕೊಳ್ಳಿ, ಹೊಕ್ಕಳು ನೋಡಿ, ಎರಡೂ ಅಂಗೈಯಿಂದ ನೆಲ ಬಡಿಯಿರಿ ಎಂದು ಮೇಷ್ಟ್ರು ಹೇಳಿದರು. ಮಾಧುರಿ ಹೆಗಲನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ನಲವತ್ತೇಳು ವರ್ಷದ ಹೆಂಗಸು ಉರುಳಿದಳು, ಅಂಗೈಗಳು ಫಟ್ ಎಂದು ಮ್ಯಾಟಿಗೆ ಬಡಿದವು, ಬೆನ್ನು ಈ ಹೆಗಲಿನಿಂದ ಆ ಹೆಗಲಿನವರೆಗೆ ನೆಲಕ್ಕೆ ಹತ್ತಿತು.

ಏನೂ ಆಗಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು.

"ಇಷ್ಟೇನ, ಅಪ್ಪಾ?" ಎಂದಳು.

ಮಾಧುರಿಗೆ ಕೊನೆಯ ಮಾತು ಕೇಳಿಸಲಿಲ್ಲ. "ಹೂಂ ಅವ್ವಾ, ಇಷ್ಟೇ," ಎಂದು ಎಬ್ಬಿಸಲು ಕೈ ಕೊಟ್ಟಳು. ರುದ್ರವ್ವ ಆ ಕೈ ಹಿಡಿದುಕೊಂಡಳು, ಆದರೆ ಕೂಡಲೇ ಏಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅಂಗಾತ ಮಲಗಿಯೇ ಇದ್ದಳು.