ಗೌತಮಿಯ ಊರಿಗೆ ಬಿದ್ದ ಬೀಗ

ಹೊಳೆನರಸೀಪುರದ ನಮ್ಮ ಶಾಲೆಯಲ್ಲಿ ಶ್ರೀರಂಗಮ್ಮನವರ ಪ್ರಾಮಾಣಿಕತೆ ಎಂದರೆ ಉಳಿದ ಮೇಷ್ಟ್ರುಗಳಿಗೆಲ್ಲ ತಲೆನೋವು. ಸೀಮೆಸುಣ್ಣದ ಚೂರೊಂದು ಸೆರಗಿಗೆ ಸಿಕ್ಕಿ ಮನೆಗೆ ಹೋದರೆ, ಮರುದಿನ ಅದನ್ನು ಡಬ್ಬಿಗೆ ಹಾಕಿಯೇ ಹಾಜರಿ ಕೂಗುವ ಹೆಂಗಸು. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಎದುರಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅವರಿಗೆ ಉಳಿದವಳು ಮಗಳು ಗೌತಮಿ ಒಬ್ಬಳೇ. ಅವಳಿಗೆ ಸ್ನಾಯುಗಳು ಸೊರಗುತ್ತ ಹೋಗುವ ಕಾಯಿಲೆ. ಮೊದಲು ಕಾಲು ಹೋಯಿತು, ಆಮೇಲೆ ತೋಳು. ಇಪ್ಪತ್ತು ದಾಟುವ ಹೊತ್ತಿಗೆ ಹೇಳಿದ ಮಾತು ಕೇಳುತ್ತಿದ್ದದ್ದು ಬೆರಳುಗಳು ಮಾತ್ರ. ಅವೂ ಬಹಳ ಕಾಲ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಎರಡು ಸಾವಿರದ ಮೂರರಲ್ಲಿ ಅವರ ಮನೆಗೆ ಕಂಪ್ಯೂಟರ್ ಬಂತು. ಊರು ಕಟ್ಟುವ ಆಟವೊಂದರ ಮೇಲೆ ಗೌತಮಿಗೆ ಆಸೆ. ರಸ್ತೆ ಎಳೆಯಬೇಕು, ನೀರು ತರಬೇಕು, ಮನೆ ಎಬ್ಬಿಸಬೇಕು. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಹಳೇ ವಿದ್ಯಾರ್ಥಿ ಸಂಜಯ್ ನಕಲು ಸಿಡಿ ಹಿಡಿದು ಬಂದ. "ಎಲ್ರೂ ಇದ್ರಲ್ಲೇ ಆಡೋದು, ಮೇಡಂ." ಮೇಡಂ ಅವನನ್ನು ಬಾಗಿಲಿನಿಂದಲೇ ಕಳಿಸಿ, ಮೈಸೂರಿಗೆ ಹೋಗಿ ಒರಿಜಿನಲ್ಲನ್ನೇ ತಂದರು.

ಗೌತಮಿ ಊರು ಕಟ್ಟಿದಳು. ನಾನು ಹೋದಾಗಲೆಲ್ಲ ಬೀದಿ ಬೀದಿಯನ್ನೂ ತೋರಿಸುತ್ತಿದ್ದಳು. ಹೊಳೆಯ ಎರಡೂ ದಡದಲ್ಲಿ ಮನೆಗಳು ಎದ್ದಿದ್ದವು, ನಡುವೆ ಸೇತುವೆಯೊಂದು ಆಗಬೇಕಿತ್ತು. "ಬೆರಳು ಕೈಕೊಡೋದ್ರೊಳಗೆ ಸೇತುವೆ ಮುಗಿಸ್ಬೇಕು" ಎಂದು ನಗುತ್ತಲೇ ಹೇಳುತ್ತಿದ್ದಳು. 

ಆ ವರ್ಷದ ಆಯುಧಪೂಜೆಯಲ್ಲಿ ಶ್ರೀರಂಗಮ್ಮ ಹೊಲಿಗೆ ಮೆಷಿನ್, ಈಳಿಗೆಮಣೆ, ಕಂಪ್ಯೂಟರ್ ಎಲ್ಲಕ್ಕೂ ಗಂಧ, ಕುಂಕುಮ ಇಟ್ಟರು. ಮಗಳಿಗೆ ಅಷ್ಟು ಸಂತೋಷ ಕೊಟ್ಟ ಸಿಡಿಯನ್ನು ಬಿಡುವುದುಂಟೆ? ಕಳಶದ ಜೊತೆ ಕನ್ನಡಿಗೆ ಕುಂಕುಮ ಇಟ್ಟು ರೂಢಿಯಾದ ಕೈ. ಹೊಳೆಯುವ ಮಗ್ಗುಲೇ ಮುಖವೆಂದುಕೊಂಡು ಅಲ್ಲಿಗೇ ಹಚ್ಚಿದರು. ಮರುದಿನ ಗಂಧ ಒಣಗಿ ಕಚ್ಚಿಕೊಂಡಿತ್ತು. ಹಿತ್ತಾಳೆ ದೀಪಗಳ ಜೊತೆಯಲ್ಲೇ ಅದನ್ನೂ ಹುಣಸೆಹಣ್ಣು, ಸಬೀನ ಹಾಕಿ ತಿಕ್ಕಿ ತೊಳೆದರು, ಪಾಪ.

ಸಿಡಿ ತುಂಬ ಗೀರು, ಕಂಪ್ಯೂಟರ್ ಅದನ್ನು ಓದದಾಯಿತು. ಆಟವೆಲ್ಲ ಕಂಪ್ಯೂಟರಿನ ಒಳಗೇ ಇತ್ತು, ಗೌತಮಿಯ ಊರೂ ಅಲ್ಲೇ ಇತ್ತು. ಆದರೆ ಪ್ರತಿ ಸಲವೂ ಒರಿಜಿನಲ್ ಸಿಡಿ ತೋರಿಸದೆ ಅದು ತೆರೆಯದು.

"ಕಳ್ರು ಆಡ್ಬಾರ್ದು ಅಂತ ಕಂಪ್ನಿಯೋರು ಅಂಗೆ ಬೀಗ ಆಕವ್ರೆ ಮೇಡಂ" ಎಂದ ಸಂಜಯ್. "ಬೀಗ ಒಡೆಯೋ ಫೈಲು ನನ್ತಾವ ಐತೆ. ನಕಲಿ ತಗಂಡೋರೆಲ್ಲ ಅದ್ರಲ್ಲೇ ಆಡ್ತಾವ್ರೆ. ಆಕ್ಕೊಡ್ಲಾ?"

"ಬೇಡಪ್ಪ" ಎಂದರು.

ಮೈಸೂರಿನ ಅಂಗಡಿಯಲ್ಲಿ ಇನ್ನೊಂದು ಸಿಗಲಿಲ್ಲ. ಹಾಳಾದ ಸಿಡಿಯನ್ನೂ ಬಿಲ್ಲನ್ನೂ ರಿಜಿಸ್ಟರ್ ಪೋಸ್ಟಿನಲ್ಲಿ ಪರದೇಶದ ಕಂಪನಿಗೆ ಕಳಿಸಿ ಕಾದರು. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಕೊನೆಗೆ ಉತ್ತರ ಬಂತು: ನಿಮ್ಮ ದೇಶಕ್ಕೆ ಬದಲಿ ಸಿಡಿ ಕಳಿಸುವ ಏರ್ಪಾಡು ನಮ್ಮಲ್ಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕದ್ದವರು ಊರ ತುಂಬ ಆರಾಮಾಗಿ ಆಡುತ್ತಿದ್ದಾರೆ, ದುಡ್ಡು ಕೊಟ್ಟವರು ಹೊಸ್ತಿಲಾಚೆ ಕಾಯಬೇಕು. ಇದ್ಯಾವ ಸೀಮೆ ನ್ಯಾಯ!

ಗೌತಮಿ ಒಂದು ದಿನವೂ ತಾಯಿಯನ್ನು ಕಾಡಲಿಲ್ಲ. ಹೊದಿಕೆಯ ಮೇಲೆ ಬೆರಳುಗಳನ್ನು ಮಡಚುತ್ತ, ಬಿಡಿಸುತ್ತ ಮಲಗಿರುತ್ತಿದ್ದಳು. ಬರಬರುತ್ತ ಮಡಚುವುದು ನಿಧಾನವಾಯಿತು. ಅದನ್ನು ಕಂಡ ದಿನ ಶ್ರೀರಂಗಮ್ಮ ತಾವೇ ಸಂಜಯನ ಅಂಗಡಿಗೆ ನಡೆದುಹೋದರು.

ಅವನು ಬಂದು, ನನಗೆ ಕೊಟ್ಟ ಕಾಫಿ ಆರುವುದರೊಳಗೆ ಕೆಲಸ ಮುಗಿಸಿದ. ಊರು ತೆರೆದುಕೊಂಡಿತು.

"ನಮ್ಮನೆ ಬಾಗಿಲು ತೆಗೆಯೋಕೆ ಕಳ್ಳದಾರೀನೇ ಹಿಡೀಬೇಕಾಯ್ತಲ್ಲೋ ಸಂಜಯ" ಎಂದರು ಶ್ರೀರಂಗಮ್ಮ.

"ನಿಮ್ಮನೇನೇ ಅಲ್ವಾ ಮೇಡಂ, ಕಳ್ತನ ಎಂಗಾದದು?"

ಅವರು ಮಗಳ ಕೈ ಎತ್ತಿ ಮೌಸಿನ ಮೇಲಿಟ್ಟರು. ರಸ್ತೆ ಹೊಳೆಯ ದಡದವರೆಗೆ ಬಂದು ನಿಂತಿತ್ತು. ಬಾಣದ ಗುರುತು ಒಂದಿಷ್ಟು ಅಲುಗಿತು, ಅಷ್ಟೇ. ಒತ್ತಲು ತೋರುಬೆರಳು ಬಾಗಲಿಲ್ಲ. ಗೌತಮಿ ಮತ್ತೆ ಪ್ರಯತ್ನಿಸಿದಳು. ಸಂಜಯ್ ನೆಲ ನೋಡುತ್ತಿದ್ದ, ನಾನೂ ಅಷ್ಟೇ.

"ಅವತ್ತೇ ಹಾಕಿಸ್ಕೋಬಹುದಿತ್ತು, ಅಲ್ವೇನೇ?" ಎಂದರು ತಾಯಿ.

ಗೌತಮಿ ಪರದೆಯ ಮೇಲಿನ ಹೊಳೆಯನ್ನೇ ನೋಡಿದಳು.

"ನೀನೇ ಒತ್ತಮ್ಮ. ಎಲ್ಲಿ ಅಂತ ನಾನು ಹೇಳ್ತೀನಿ" ಎಂದಳು.